ಹೆಜ್ಜೆಯ ಲೆಕ್ಕ

ನಿವೃತ್ತಿಯ ದಿನ ಜಲಮಂಡಳಿಯವರು
ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು,
ಆಮೇಲೆ ಮೆಲ್ಲಗೆ, "ಮುನಿನಂಜಪ್ಪನೋರೇ, ಆ ಕೀಲಿ?" ಅಂದರು.
ಮೂರೂವರೆ ಅಡಿ ಉದ್ದದ ಕಬ್ಬಿಣದ ಕೀಲಿ.
ಮೂವತ್ತೊಂದು ವರ್ಷ ಶ್ರೀರಾಂಪುರದ ನೀರು
ಇದೇ ಎರಡು ಅಂಗೈಯಲ್ಲಿ ತಿರುಗಿತ್ತು.
ಸಹಿ ಹಾಕಿ ಕೊಟ್ಟೆ.
ಅಂಗೈಯ ಜಡ್ಡನ್ನು ಯಾರೂ ವಾಪಸು ಕೇಳಲಿಲ್ಲ.

ಮೊದಲ ವರ್ಷ, ಬೆಳಗಿನ ಜಾವ ಮೂರೂವರೆಗೆ
ತಾನಾಗಿ ಎಚ್ಚರ.
ಕತ್ತಲಲ್ಲಿ ಚಪ್ಪಲಿ ತಡಕುವ ಕಾಲಿಗೆ
ಪಿಳ್ಳಮ್ಮ ಹೇಳುವಳು:
"ಮಲಕ್ಕೊಳ್ಳಿ, ನೀರು ಅದರ ಪಾಡಿಗೆ ಬತ್ತದೆ."
ಸಮಾಧಾನಕ್ಕೇ ಅಂದಳು, ನಿಜ.
ಆದರೂ ಸಂಪಿಗೆ ಬೀಳುವ ಸದ್ದು
ನನ್ನನ್ನು ಕೇಳದೆ ಬಂತಲ್ಲ ಅಂತ
ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಪಾರ್ಕಿಗೆ ಹೋದೆ. ನಗುವ ಗುಂಪಿನಲ್ಲಿ ಕೈಯೆತ್ತಿ ನಕ್ಕೆ.
ಯಾರೋ ಬೆಂಡೆಕಾಯಿ ನೆನೆಸಿದ ನೀರು ಕುಡಿಯಿರಿ ಅಂದರು. ಕುಡಿದೆ.
ಶನಿವಾರದ ಭಜನೆಯಲ್ಲಿ ತಾಳ ತಪ್ಪುತ್ತಿದ್ದವನು ನಾನೊಬ್ಬನೇ.
ಗಡಿಯಾರಕ್ಕೆ ಸೆಲ್ಲು ಹಾಕುವುದನ್ನೂ ಬಿಟ್ಟೆ.

ಹೋದ ಶ್ರಾವಣದಲ್ಲಿ ಎಂಟನೇ ಕ್ರಾಸಿನಲ್ಲಿ
ಮೂರು ದಿನದಿಂದ ಅಗೆಯುತ್ತಿದ್ದರು.
ನಾಲ್ಕು ಗುಂಡಿ, ನಾಲ್ಕು ಗುಡ್ಡೆ, ಸೋರುವ ಜಾಗ ಮಾತ್ರ ಪತ್ತೆಯಿಲ್ಲ.
ಹಳದಿ ಹೆಲ್ಮೆಟ್ಟಿನ ಹೊಸ ಇಂಜಿನಿಯರು, ತಸ್ಮಿಯಾ,
ನಕ್ಷೆಯನ್ನು ತಲೆಕೆಳಗು ಮಾಡಿ ನೋಡುತ್ತಿದ್ದಳು.
"ಅದನ್ನ ಬರೆದವನು ಈ ಬೀದಿಗೆ ಬಂದೇ ಇಲ್ಲಮ್ಮ" ಅಂದೆ.
ಸಲಾಕೆ ಇಸಕೊಂಡು, ತುದಿಯನ್ನು ಡಾಂಬರಿಗೆ ಊರಿ,
ಇನ್ನೊಂದು ತುದಿಗೆ ಬಲಗಿವಿ ಕೊಟ್ಟೆ.
(ಎಡದ್ದು ಹೋಗಿ ನಾಲ್ಕು ವರ್ಷ.)
ಆಟೋ, ಹಾಲಿನ ವ್ಯಾನು, ಯಾರದೋ ಮಿಕ್ಸಿ,
ಎಲ್ಲದರ ಕೆಳಗೆ
ಒಗ್ಗರಣೆಗೆ ಬಿದ್ದ ಸಾಸಿವೆಯಂತೆ
ಸಣ್ಣಗೆ ಸಿಡಿಯುತ್ತಿತ್ತು ನೀರು.
"ಹುಣಸೆಮರದ ಬುಡದಲ್ಲಿ."
"ಯಾವ ಹುಣಸೆಮರ, ತಾತ?"
ತೊಂಬತ್ತಾರರಲ್ಲಿ ಕಡಿದದ್ದು.
ಈಗ ಅಲ್ಲೊಂದು ಎಟಿಎಂ. ಅದೂ ಕೆಟ್ಟಿದೆ.

ಅಗೆದರು. ಇತ್ತು.

ಆ ರಾತ್ರಿ ಟ್ರಂಕಿನಿಂದ ನೋಟುಬುಕ್ಕು ತೆಗೆದೆ.
ಇನ್ನೂರು ಪುಟ, ಗ್ರೀಸಿನ ಕಲೆ, ನನ್ನದೇ ಸೊಟ್ಟ ಅಕ್ಷರ:
'ಟೆಂಟು ಟಾಕೀಸಿನ ಗೇಟಿಂದ ಪಡುವಲಿಗೆ ಹನ್ನೊಂದು ಹೆಜ್ಜೆ, ವಾಲ್ವು.'
'ಹಾಳು ಬಾವಿಯಿಂದ ಇಪ್ಪತ್ತು, ಅಲ್ಲಿ ಪೈಪು ಬಲಕ್ಕೆ.'
ಬಾವಿ ಮುಚ್ಚಿದೆ. ಟಾಕೀಸಿನ ಗೇಟಿನ ಒಂದು ಕಂಬ ಉಳಿದಿದೆ,
ಎಳನೀರಿನವನು ಗೋಣಿಚೀಲ ನೇತುಹಾಕುತ್ತಾನೆ.
ಅಲ್ಲಿಂದ ಹನ್ನೊಂದು ಎಣಿಸಿ ನಿಂತೆ.
ಅಗೆದರೆ ಬರೀ ಮಣ್ಣು.
ತಸ್ಮಿಯಾ ಟೇಪು ಹಿಡಿದು ನನ್ನ ಕಾಲ ಬಳಿ ಕೂತಳು:
"ಇನ್ನೊಂದ್ಸಲ ನಡೀರಿ ತಾತ,
ಯಾರೂ ನೋಡ್ತಿಲ್ಲ ಅನ್ಕೊಂಡು."
ಇಪ್ಪತ್ತೊಂದು ಇಂಚು.

ಮೂವತ್ತರಲ್ಲಿ ಎಷ್ಟಿತ್ತು? ಯಾರು ಅಳೆದಿದ್ದರು?
"ನಿಮ್ಮ ಹಿಂದೆ ಓಡ್ತಿದ್ದೆ, ಅಷ್ಟು ಗೊತ್ತು" ಅಂದಳು ಪಿಳ್ಳಮ್ಮ.
ಸಿಕ್ಕ ಒಂದು ವಾಲ್ವಿನಿಂದ ಹಿಂದಕ್ಕೆ ಗುಣಿಸಿ, ಭಾಗಿಸಿ,
ಅಂಗಡಿಯ ರಸೀತಿಯ ಬೆನ್ನಲ್ಲಿ ಲೆಕ್ಕ ಹೊಂದಿತು:
ಅಂದಿನ ಹನ್ನೊಂದು, ಇಂದಿನ ಹದಿನೈದು.
ನಾಲ್ಕು ಹೆಜ್ಜೆ.
ಇಷ್ಟು ವರ್ಷಕ್ಕೆ ಬಡ್ಡಿ ಹೆಚ್ಚೇನಲ್ಲ.

ಈಗ ಬುಧವಾರ, ಶನಿವಾರ, ರಾತ್ರಿ ಹನ್ನೊಂದರ ಮೇಲೆ.
ಸಂಬಳವಿಲ್ಲ, ಬೈಟು ಕಾಫಿ ಉಂಟು.
ಪಿಳ್ಳಮ್ಮ ಮಫ್ಲರು ಸುತ್ತುತ್ತಾಳೆ,
ಬಲಗಿವಿಯೊಂದನ್ನು ಹೊರಗೆ ಬಿಟ್ಟು.

ನಿನ್ನೆ ಗಂಗಮ್ಮನ ಗುಡಿಯ ಹಿಂದೆ
ಸಲಾಕೆಗೆ ಕಿವಿಯಿಟ್ಟೆ. ಏನೂ ಇಲ್ಲ.
ಪೈಪು ಗಟ್ಟಿಯಿದ್ದರೆ ಹೀಗೇ, ಏನೂ ಇರುವುದಿಲ್ಲ.
ಕಿವಿ ಹೋದರೂ ಹೀಗೇ.
"ನೀನು ನೋಡು" ಅಂತ ಅವಳ ಕೈಗೆ ಕೊಟ್ಟೆ.
ಹೆಲ್ಮೆಟ್ಟು ತೆಗೆದು, ಕೂದಲು ಸರಿಸಿ,
ಕಣ್ಣು ಮುಚ್ಚಿ ಬಗ್ಗಿದಳು.
ಟಾರ್ಚು ಆರಿಸಿದೆ. ಉಸಿರನ್ನೂ.
ಬೀದಿನಾಯಿಯೊಂದು ಬಂದು
ನಮ್ಮ ಮಧ್ಯೆ ಕೂತಿತು.

ಅವಳು ಬೆರಳೆತ್ತಿದಳು:
ತಡೀರಿ.