ಎರಡಾಗುತ್ತದೆ

ರುಸ್ತಾವಿಯ ಹಳೆ ಉಕ್ಕಿನ ಕಾರ್ಖಾನೆಯ ಬೆನ್ನಿಗೆ
ಒಂಬತ್ತು ಮಹಡಿಯ ಕಟ್ಟಡ. ಲಿಫ್ಟಿಗೆ ಕಾಸು ಹಾಕಬೇಕು,
ಏರುವುದಕ್ಕೆ ಮಾತ್ರ.
ಇಳಿಯುವುದು ಯಾವ ವಯಸ್ಸಿನಲ್ಲೂ ಪುಕ್ಕಟೆ
ಎಂದು ನಕ್ಕಳು ಮ್ಜೆವಿನಾರ್, ಬಾಗಿಲು ತೆರೆಯುತ್ತ.

ನನ್ನ ಕೈಯಲ್ಲಿ ನಗರಸಭೆಯ ನಮೂನೆ, ನಲವತ್ತೊಂದು ಪ್ರಶ್ನೆ.
ಕಳೆದ ವರ್ಷ ಬಿದ್ದಿದ್ದಿರಾ?
ಬಿದ್ದೆ. ಮೆಟ್ಟಿಲ ಮೇಲಲ್ಲ ಮಗಳೆ, ಇಲ್ಲೇ, ಈ ಜಮಖಾನದ ಮೇಲೆ.
ಫೋನು ಹೊಡೆದುಕೊಳ್ಳುತ್ತಿತ್ತು. ಐದು ಸಲಕ್ಕೆ ಸುಮ್ಮನಾಗುತ್ತದೆ ಅದು,
ನಾಲ್ಕನೆಯದಕ್ಕೆ ಓಡಿದೆ.
ಬಿದ್ದಲ್ಲಿಂದಲೇ ಎತ್ತಿಕೊಂಡೆ. ತಪ್ಪು ನಂಬರು.
ಒಳ್ಳೆಯ ಹುಡುಗ, ಕ್ಷಮೆ ಕೇಳಿದ.
ಬಿದ್ದಿದ್ದೇನೆ ಅಂತ ಅವನಿಗೆ ಹೇಳಲಿಲ್ಲ,
ಪರಿಚಯವಿಲ್ಲದವರಿಗೆ ಯಾಕೆ ತೊಂದರೆ.

ಹೌದು ಎಂದು ಗುರುತು ಹಾಕಿದೆ. ನಮೂನೆಗೆ ಅಷ್ಟು ಸಾಕು.

ಸಹಾಯಕ್ಕೆ ಯಾರಾದರೂ ಇದ್ದಾರೆಯೇ?
ಇಲ್ಲದೇನು. ಕೆಳಗಿನ ಗೋಚಾ ರೊಟ್ಟಿ ತರುತ್ತಾನೆ,
ಎದುರುಮನೆಯ ನಾಝಿಬ್ರೋಲಾ ಔಷಧಿ ಚೀಟಿ ಓದುತ್ತಾಳೆ.
ಬೆರಳು ಮಡಿಸಿ ಎಣಿಸಿದಳು:
ಗೋಚಾನಿಗೆ ಸೋಮವಾರ ಹೇಳಿದ್ದೇನೆ,
ಇನ್ನು ಶನಿವಾರದ ತನಕ ಹೇಳುವ ಹಾಗಿಲ್ಲ.
ಅಡುಗೆಮನೆಯ ಬಲ್ಬು ಹೋಗಿದೆ, ಇರಲಿ,
ಅದನ್ನು ಈಸ್ಟರಿಗೆ ಇಟ್ಟುಕೊಂಡಿದ್ದೇನೆ.
ಒಂದೇ ವಾರ ಎರಡು ಸಲ ಕೇಳಿದರೆ
ಬಾಗಿಲು ತೆರೆದ ಮೇಲೂ
ಮುಖ ತೆರೆಯಲು ತುಸು ಹೊತ್ತು ಹಿಡಿಯುತ್ತದೆ.

ಇದು ನವೆಂಬರು.
ಕತ್ತಲ ಅಡುಗೆಮನೆಯ ಕಡೆ ನೋಡಿದೆ.
ಹಂಗಿಗೆ ಹೆದರಿದವಳು
ಎಷ್ಟು ತಿಂಗಳು ತಡವಿ ತಡವಿ ಚಹಾ ಕಾಯಿಸಬಹುದು?
ಮೊಣಕಾಲು ಇತ್ತು ನಮೂನೆಯಲ್ಲಿ, ರಕ್ತದೊತ್ತಡ ಇತ್ತು,
ಕಣ್ಣು, ಕಿವಿ, ಹಲ್ಲು, ಮರೆವು.
ಕೇಳಿ ಕೇಳಿ ಸವೆದು ಹೋದೀತೆಂದು
ಮುಚ್ಚಿಟ್ಟ ನಾಲಿಗೆಗೆ
ಒಂದು ಚೌಕವಿರಲಿಲ್ಲ.

ಹೊರಟೆ. ತಡೆದಳು.
ಹೊಸಬಳು ನೀನು, ನಿನ್ನ ಲೆಕ್ಕ ಇನ್ನೂ ಶುರುವಾಗಿಲ್ಲ,
ಎಂದು ಬಿಸ್ಕತ್ತಿನ ಡಬ್ಬಿ ತಂದಳು.
ಹನ್ನೊಂದು ಸೂಜಿ, ಕಪ್ಪು ದಾರ, ಬಿಳಿ ದಾರ.
ಎಲ್ಲಕ್ಕೂ ಪೋಣಿಸಿಕೊಡು, ಚಳಿಗಾಲ ದಾಟುತ್ತದೆ.
ಬಲ್ಬನ್ನೂ ಹಾಕಿಬಿಡಲೇ?
ಬೇಡ, ಬೇಡ. ಎರಡಾಗುತ್ತದೆ.

ಕಿಟಕಿಗೆ ಮುಖ ಮಾಡಿ ಕೂತೆ.
ದಾರದ ತುದಿ ನಾಲಿಗೆಗೆ ತಾಗಿಸಿ
ಒಂದು, ಎರಡು, ಆರು.
ಏಳನೆಯದರ ಕಣ್ಣು ಸಿಗಲಿಲ್ಲ.
ಸೂಜಿಯನ್ನು ದೂರ ಹಿಡಿದೆ. ಹತ್ತಿರ ತಂದೆ. ಮತ್ತೆ ದೂರ.
ನನಗಿನ್ನೂ ನಲವತ್ತಾರು.

ನೋಡಿಯೂ ನೋಡದವಳ ಹಾಗೆ ಮ್ಜೆವಿನಾರ್ ಎದ್ದು
ಪರದೆಯನ್ನು
ಇನ್ನೂ ಒಂದು ಗೇಣು ಸರಿಸಿದಳು.