ನಜಿಬ್ರೋಲಳ ಪಾಳಿ

ಚಿಯಾತೂರದ ಈ ಕಣಿವೆಯಲ್ಲಿ
ನಾವು ಗಣಿಗೆ ಹೋಗುತ್ತಿದ್ದದ್ದು ಆಕಾಶದಲ್ಲಿ,
ತಂತಿಗೆ ನೇತುಬಿದ್ದ ತಗಡಿನ ತೊಟ್ಟಿಲಲ್ಲಿ,
ಮೊಣಕೈಗೆ ಮೊಣಕೈ ತಾಗಿಸಿಕೊಂಡು.
ಕೆಲಸ ಮುಗಿದ ದಿನ ಗೋಡೆ ಗಡಿಯಾರ ಕೊಟ್ಟು ಕಳಿಸಿದರು.
ಶ್ವಾಸಕೋಶ ಮಾತ್ರ ವಾಪಸು ಕೊಡಲಿಲ್ಲ.

ನನ್ನ ಹೆಂಡತಿಗೆ ಈಗ ಎಪ್ಪತ್ತೊಂದು.
ಕೆಳಗಿನ ನಿಲ್ದಾಣದಲ್ಲಿ ಬಾಗಿಲು ಹಾಕುವವಳು,
ಗಂಟೆ ಒತ್ತುವವಳು,
ತಲೆ ಎಣಿಸಿ ಪುಸ್ತಕದಲ್ಲಿ ಬರೆಯುವವಳು.
"ಇನ್ನೊಂದು ವರ್ಷ, ಉಶಾಂಗಿ" ಅಂದಳು ಅರವತ್ತರಲ್ಲಿ.
ಅರವತ್ತೆರಡರಲ್ಲೂ ಅಂದಳು, ಅರವತ್ತೇಳರಲ್ಲೂ.
ಆ ಒಂದು ವರ್ಷಕ್ಕೆ ಈಗ ಹನ್ನೊಂದು ತುಂಬಿದೆ,
ಶಾಲೆಗೆ ಹಾಕಬಹುದಿತ್ತು ಅದನ್ನ.

ದುಡ್ಡಿಗಾಗಿ ಎಂದು ಜನರ ಮುಂದೆ ಹೇಳುತ್ತೇವೆ.
ಸುಳ್ಳೇನಲ್ಲ. ಪಿಂಚಣಿ ಬಂದ ದಿನವೇ
ಅರ್ಧ ಔಷಧಿ ಅಂಗಡಿಗೆ, ಅರ್ಧ ಸೌದೆಗೆ.
ಆದರೆ ಒಮ್ಮೆ, ಕೆಂಪು ಹುರುಳಿಕಾಳು ಹಸನು ಮಾಡುತ್ತಾ
ತಲೆಯೆತ್ತದೆ ಅಂದಳು:
"ಮನೇಲಿ ನಾನು, ಉಪ್ಪು ಎಲ್ಲಿದೆ ಅಂತ ಕೇಳಿಸಿಕೊಳ್ಳೋಳು.
ಅಲ್ಲಿ ನನ್ನ ಕೈ ತಾಗದೆ ಒಂದು ಬಾಗಿಲೂ ಮುಚ್ಚಲ್ಲ."
ಅಂದಿನಿಂದ ಉಪ್ಪು ನಾನೇ ಹುಡುಕುತ್ತೇನೆ.
ಕಿಟಕಿಯ ಎಡಕ್ಕಿದೆ, ನೀಲಿ ಡಬ್ಬಿ.

ಒಂದು ಹಗಲು ಒಂದು ರಾತ್ರಿ ತಂತಿಯದ್ದು,
ಆಮೇಲೆ ಎರಡು ದಿನ ಮನೆಯದ್ದು.
ಹಾಗಂತ ಕಚೇರಿಯ ಹಲಗೆಯ ಮೇಲೆ ಬರೆದಿದೆ.
ಮನೆಯ ದಿನವೂ ಐದಕ್ಕೇ ಏಳುತ್ತಾಳೆ,
ಕಾಲುಚೀಲದಲ್ಲೇ ಬಾಲ್ಕನಿಗೆ ಹೋಗಿ ಕಿವಿಗೊಡುತ್ತಾಳೆ:
"ಎರಡನೇ ಕಂಬದ ಗಾಲಿ ಅಳ್ತಿದೆ.
ಎಣ್ಣೆ ಕಾಣಿಸಿಲ್ಲ ಆ ಗೋಚಾ, ಸೋಮಾರಿ."
ನನ್ನ ಕೆಮ್ಮನ್ನು ಇಷ್ಟು ನಿಗಾ ಇಟ್ಟು ಕೇಳುವಳೇ
ಎಂದು ಹೊಟ್ಟೆಕಿಚ್ಚು ನನಗೆ,
ಎಪ್ಪತ್ತನಾಲ್ಕರಲ್ಲಿ, ಒಂದು ಗಾಲಿಯ ಮೇಲೆ!

ಒಂದು ತೊಟ್ಟಿಲು ಏರಿದರೆ ಇನ್ನೊಂದು ಇಳಿಯುತ್ತದೆ,
ನಟ್ಟನಡುವೆ ಒಂದು ಗಳಿಗೆ ಎರಡೂ ಸರಿಸಮ.
ಪಾದ್ರಿ ಇದರಿಂದ ಭಾನುವಾರದ ಉಪದೇಶವನ್ನೇ ಹೊಸೆದ:
ದುಡಿಮೆ, ಸಂಸಾರ, ಸಮತೂಕ.
ನಜಿಬ್ರೋಲ ಹೊರಗೆ ಬಂದು ಮೂಗು ಮುರಿದಳು:
"ಸರಿಸಮ ಆಗೋ ಜಾಗದಲ್ಲೇ
ಗಾಳಿ ಜಾಸ್ತಿ ಅಲ್ಲಾಡಿಸೋದು. ಅವನಿಗೇನು ಗೊತ್ತು,
ಅವನು ಕಾರಲ್ಲಿ ಓಡಾಡೋನು."

ಹೋದ ಫೆಬ್ರವರಿ, ನಮ್ಮ ಮದುವೆಯ ದಿನ,
ಪಾಳಿ ಬದಲಿಸಬೇಕಾದವಳಿಗೆ ಜ್ವರ.
ಇವಳಿಗೆ ಎರಡನೇ ದಿನವೂ ಅಲ್ಲೇ ಬೆಳಗಾಯಿತು.
ನಾನು ಕಾಳು ಬೇಯಿಸಿದೆ, ಕೊತ್ತಂಬರಿ ಉದುರಿಸಿದೆ,
ಮಡಕೆಗೆ ಅವಳ ಉಣ್ಣೆ ಶಾಲು ಸುತ್ತಿ
ಮೇಲಿನ ನಿಲ್ದಾಣದಿಂದ ಇಳಿದುಹೋದೆ.
ಮಡಕೆ ತೆಗೆದುಕೊಂಡಳು. ಅಷ್ಟರಲ್ಲಿ ಶಾಲೆಯ ಮಕ್ಕಳು,
ಒಬ್ಬಳ ಬೆನ್ನಿಗೆ ಪಿಟೀಲು, ಒಬ್ಬ ಮುದುಕನ ತೋಳಲ್ಲಿ ಮೇಕೆಮರಿ,
ಜಗಳ, ಚಿಲ್ಲರೆ, ಗಂಟೆ.
ನಾನು ಮತ್ತೆ ಅದೇ ತೊಟ್ಟಿಲು ಹತ್ತಿದೆ.

ಮೇಲೆ ಹೋದೆ, ಕೆಳಗೆ ಬಂದೆ.
ಬಾಗಿಲು ತೆರೆದಿರುವ ಒಂದೇ ನಿಮಿಷ.
"ಉಪ್ಪು ಜಾಸ್ತಿ ಆಗಿದೆ."
ಮೇಲೆ ಹೋದೆ, ಕೆಳಗೆ ಬಂದೆ.
"ಆದರೂ ಎರಡು ಸಲ ಹಾಕ್ಕೊಂಡೆ."
ಮತ್ತೆ ಮೇಲೆ. ಕಂಬಗಳ ಮೇಲೆ ಹಿಮ,
ಕೆಳಗೆ ಮ್ಯಾಂಗನೀಸ್ ತೊಳೆದ ಕಪ್ಪು ಹೊಳೆ.
ಮತ್ತೆ ಕೆಳಗೆ.
"ಕೆಮ್ಮು ಇವತ್ತು ಒಣಗಿದೆ. ಮೊನ್ನೆ ರಾತ್ರಿ
ಮೂರು ಗಂಟೆಗೆ ಬಂತಲ್ಲ, ಅದು ಬೇರೆ ಥರ ಇತ್ತು."
ನನಗೆ ಏನೂ ಹೇಳಲು ತೋಚುವ ಮೊದಲೇ
ಬಾಗಿಲು ಹಾಕಿದಳು.

ಆ ದಿನದ ಪುಸ್ತಕ ತೆರೆದರೆ ಹದಿಮೂರು ಕಡೆ ನಾನಿದ್ದೇನೆ,
ಅವಳ ದುಂಡನೆಯ ಅಕ್ಷರದಲ್ಲಿ
ಯಾರದೋ ತಲೆಗಳ ಜೊತೆ ಒಂದು ತಲೆಯಾಗಿ.
ಟಿಕೆಟಿನ ದುಡ್ಡು ಪ್ರತಿ ಸಲವೂ ಇಸಕೊಂಡಳು.
ಹದಿನಾಲ್ಕನೆಯ ಸಲ, ಹಿಡಿಯ ಮೇಲೆ ಕೈಯಿಟ್ಟು,
ಕೆನ್ನೆ ಚಳಿಗೆ ಕೆಂಪಾಗಿ, ಕೇಳಿದಳು:
"ಇಳೀತೀಯೋ, ಹೋಗ್ತೀಯೋ?
ಬೇಗ ಹೇಳು, ಹಿಂದೆ ಜನ ನಿಂತಿದಾರೆ."