ಕ್ಲೇಟಸ್ ತಂದ ಎರಡು ತುಂಡು

ಮಡಗಾಂವಿನ ಕ್ಲೇಟಸ್ ಬಂದ,
ಹೆಲ್ಮೆಟ್ಟನ್ನೇ ಬುಟ್ಟಿ ಮಾಡಿಕೊಂಡು
ಒಳಗೆ ಅಂಗೈಯಗಲದ ಎರಡು ತುಂಡು.
ಎರಡರಲ್ಲೂ ಅವೇ ಕಲ್ಲು, ಅದೇ ರೆಸಿನ್ನು.

ಒಂದರಲ್ಲಿ ಕಲ್ಲು, ಅಂಟು ಕೂಡಿಸಿ ಕಲಸಿದ್ದು:
ಚುರುಮುರಿ ಉಂಡೆಯ ಹಾಗೆ,
ಕಾಳಿಗೆ ಕಾಳು ತಾಗಿ, ನಡುವೆ ಸಂದು ಉಳಿದು.
ಇನ್ನೊಂದರಲ್ಲಿ ಅಂಟು ಮೊದಲು, ಮೇಲೆ ಕಲ್ಲು ಚೆಲ್ಲಿದ್ದು:
ರವೆ ಮೆತ್ತಿದ ಬಂಗಡೆ.

‘ಯಾವುದು ವೈನಿ?’

ನಮ್ಮದು ಬೈತಖೋಲದ ಏರು.
ಗೇಟಿನಿಂದ ಮೆಟ್ಟಿಲಿಗೆ ಮೂವತ್ತೆರಡು ಹೆಜ್ಜೆ.
ಪುರ್ಸು ಹಾಕಿಸಿದ ಕಾಂಕ್ರೀಟು ಪಾಚಿ ಹಿಡಿದು
ಹೋದ ಜುಲೈಯಲ್ಲಿ ಮೀನಿನ ಟೆಂಪೋ
ಐಸ್ ಪೆಟ್ಟಿಗೆ ಸಮೇತ ಹಿಂದಕ್ಕೆ ಜಾರಿ
ಗೇಟಿನ ಕಂಬಕ್ಕೆ ಮುತ್ತಿಟ್ಟಿತು.
ಟೆಂಪೋವೇ ಜಾರಿದ ಮೇಲೆ ನೀರಿನ ಮಾತೇನು!
ಗೋಡೆಯ ಕಿಂಡಿಯಲ್ಲಿ ನುಗ್ಗಿ
ಇಂದುಮತಿ ತಾಂಡೇಲಳ ಒಣಮೀನಿನ ಅಟ್ಟದ ಬುಡಕ್ಕೆ.
ಅವಳು ಜಗಳ ಆಡಲಿಲ್ಲ.
ಅಟ್ಟವನ್ನೇ ಆಚೆ ಬದಿಗೆ ಒಯ್ದಳು.
ಜಗಳವಾಗಿದ್ದರೆ ಸಂಜೆಗೆ ಮುಗಿಯುತ್ತಿತ್ತು.

ಎರಡೂ ತುಂಡನ್ನು ನಲ್ಲಿಯ ಕೆಳಗೆ ಹಿಡಿದೆ.
ಉಂಡೆ ಕುಡಿಯಿತು.
ಬಂಗಡೆ ಉಗುಳಿತು.

‘ಕುಡಿಯುವುದೇ ಇರಲಿ’ ಅಂದೆ.
ಕ್ಲೇಟಸ್, ಪಾಪ, ಸುಳ್ಳು ಕಲಿಯದ ಹುಡುಗ:
‘ಅದು ನುಣುಪು, ಏರಿಗೆ ಹಿಡಿತ ಸಾಲದು.
ಇದು ಟಯರನ್ನು ಕಚ್ಚಿ ಹಿಡಿಯುತ್ತದೆ, ಆದರೆ
ವರ್ಷಕ್ಕಿಷ್ಟು ಕಲ್ಲು ಉದುರಿಸುತ್ತದೆ.
ಮತ್ತೆ...’ ತಲೆ ಕೆರೆದ,
‘ಅಡಿಯಲ್ಲಿ ಈ ಕಾಂಕ್ರೀಟು ಇಟ್ಟುಕೊಂಡು
ಕುಡಿದದ್ದು ಹೋಗುವುದೆಲ್ಲಿಗೆ?’

ಒಡೆಯಬೇಕು.
ಪುರ್ಸು ಆ ರಾತ್ರಿ ಸಾರಿಗೆ ಉಪ್ಪು ಕೇಳಲಿಲ್ಲ.
ಬೋಟಿನ ಪಾಲು ಮಾರಿದ ದುಡ್ಡು ಅದರಲ್ಲಿತ್ತು;
ಹಸಿಯಿದ್ದಾಗ ಮೊಳೆಯಲ್ಲಿ ಕೊರೆದ ತಾರೀಕೂ.

ಕಾಳಿಯ ದಂಡೆಯ ನನ್ನ ಅಮ್ಮನ ಮನೆಯಲ್ಲಿ
ಬಳಚು ಬೇಯಿಸಿ ತಿಂದು
ಚಿಪ್ಪನ್ನು ದಾರಿಗೆ ಚೆಲ್ಲುತ್ತಿದ್ದೆವು.
ಕಾಲಿಟ್ಟರೆ ಚರಚರ.
ಕಳ್ಳ ಬಂದರೂ ಗೊತ್ತು, ಅಪ್ಪ ಕುಡಿದು ಬಂದರೂ ಗೊತ್ತು.
ಮಳೆ ಬಂದರೆ, ಬಂತು.
ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಇದ್ದಿಲಿನಿಂದ ಗೆರೆ ಎಳೆದೆ:
ಚಕ್ರ ಓಡುವ ಎರಡು ಪಟ್ಟಿ ಬಂಗಡೆ,
ನಡುವೆ, ಅಂಚಿಗೆ ಉಂಡೆ.
ಕ್ಲೇಟಸ್ ಮಾಲಕನಿಗೆ ಮೂರು ಸಲ ಫೋನು ಮಾಡಿದ.
‘ಹೀಗೆ ಯಾರೂ ಕೇಳಿಲ್ಲವಂತೆ ವೈನಿ.’
‘ಅವರ ಟೆಂಪೋ ಜಾರಿರಲಿಕ್ಕಿಲ್ಲ.’

ಅಂಟಿಗೆ ಪಸೆ ಆಗದು, ಬೆಳ್ಳಗಾಗುತ್ತದಂತೆ.
ಕಾರವಾರದಲ್ಲಿ ಪಸೆಯಿಲ್ಲದ ಎರಡು ದಿನ ಹುಡುಕುತ್ತ
ಡಿಸೆಂಬರ್ ಬಂತು.
ಕಾಂಕ್ರೀಟು ಒಡೆದವನು ಪುರ್ಸುವೇ,
ಕೂಲಿಯವರನ್ನು ಹತ್ತಿರ ಬಿಡದೆ;
ತಾರೀಕಿದ್ದ ಚೂರನ್ನು ಬಾವಿಯ ಹತ್ತಿರ ಇಟ್ಟಿದ್ದಾನೆ,
ಬಟ್ಟೆ ತಿಕ್ಕಲು ಆಗುತ್ತದೆ ಅಂದ.

ಒಣಗಿದ ಮೂರನೇ ದಿನ
ಮಳೆಗೆ ಕಾಯುವ ತಾಳ್ಮೆ ನನಗಿಲ್ಲ,
ಒಂದು ಕೊಡ ನೀರು ತಂದು ಮೇಲಿನಿಂದ ಸುರಿದೆ.
ಎಂಟು ಹೆಜ್ಜೆ ಇಳಿಯಿತು,
ಒಂಬತ್ತನೆಯದಕ್ಕೆ ಇಲ್ಲ.
ಕಿವಿಗೊಟ್ಟರೆ ಒಳಗೆ ಸಣ್ಣ ಗುಟುಕಿನ ಸದ್ದು.

ಗೋಡೆಯಾಚೆ ಯಾರೋ ಕೆಮ್ಮಿದರು.
ನೋಡಿದೆ: ಕಿಂಡಿಯ ಹತ್ತಿರ, ಸೀರೆ ಎತ್ತಿ ಕಟ್ಟಿ,
ಬರಿಗಾಲಲ್ಲಿ ನೆಲ ಸವರುತ್ತ
ಇಂದುಮತಿ.

‘ಇನ್ನೊಂದು ಕೊಡ ಹೊಯ್ಯಿ’ ಅಂದಳು.